ನಿಮಗಿದು ಗೊತ್ತೇ? ಐದು ಇಲಾಖೆ ಸುತ್ತಿದ ಅಮೆರಿಕದ ವಲಸೆ ಕಚೇರಿ

ಈಗ ನಮ್ಮಲ್ಲಿ ಬೀದಿಗೊಂದು ಮನೆಗಾದರೂ ಅಮೆರಿಕದ ನಂಟಿದೆ. ಮಗನೋ ಸೊಸೆಯೋ ಅಲ್ಲಿದ್ದಾರೆ, ಇಲ್ಲವೇ ವೀಸಾ ಸಂದರ್ಶನದ ತಾರೀಖಿಗಾಗಿ ಕಾಯುತ್ತಿದ್ದಾರೆ. ಅವರ ಕಾಗದಪತ್ರ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗಬೇಕು ಎಂಬುದನ್ನು ಗೊತ್ತುಮಾಡಿರುವುದು ಅಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್ ಮಾಡಿದ ಕಾಯ್ದೆಗಳು. 1891ರಿಂದ 2003ರವರೆಗೆ ಒಂದೇ ವಲಸೆ ಕಚೇರಿ ಐದು ಇಲಾಖೆಗಳನ್ನು ಸುತ್ತಿತು. ಅದನ್ನು ಒಡೆದರು, ಕೂಡಿಸಿದರು, ಮತ್ತೆ ಒಡೆದರು. ಕಚೇರಿ ಯಾವ ಕಾಲದಲ್ಲಿ ಯಾವ ಇಲಾಖೆಯ ಕೈಕೆಳಗಿತ್ತು ಎಂದು ನೋಡಿದರೆ ಸಾಕು, ಆ ದೇಶ ಆಗ ವಲಸಿಗನನ್ನು ಯಾವ ಕಣ್ಣಿನಿಂದ ನೋಡುತ್ತಿತ್ತು ಎಂಬುದು ತಿಳಿದುಬಿಡುತ್ತದೆ.

● ಶುರುವಿನಲ್ಲಿ ಅಮೆರಿಕದ ಕೇಂದ್ರ ಸರ್ಕಾರಕ್ಕೆ ವಲಸೆ ಕಚೇರಿಯೇ ಇರಲಿಲ್ಲ. ಹಡಗಿನಿಂದ ಇಳಿದವರನ್ನು ವಿಚಾರಿಸಿಕೊಳ್ಳುವುದು ರಾಜ್ಯಗಳ ಕೆಲಸವಾಗಿತ್ತು. 1882ರ ಕಾಯ್ದೆ ಪ್ರತಿ ವಲಸಿಗನ ತಲೆಗೆ 50 ಸೆಂಟ್ ತೆರಿಗೆ ಹಾಕಿತು. ಆಗಲೂ ತಪಾಸಣೆ ನಡೆಸಿದ್ದು ಕೇಂದ್ರದ ಜತೆ ಒಪ್ಪಂದ ಮಾಡಿಕೊಂಡ ರಾಜ್ಯಗಳ ನೌಕರರೇ.

● 1891ರ ಮಾರ್ಚ್ 3ರ ಕಾಯ್ದೆಯಿಂದ ವಲಸೆಗೆಂದೇ ಒಬ್ಬ ಮೇಲ್ವಿಚಾರಕ ಬಂದ. ಕಚೇರಿ ಇದ್ದದ್ದು ಹಣಕಾಸು ಇಲಾಖೆಯಲ್ಲಿ. ಸರಕಿನ ಮೇಲೆ ಸುಂಕ ವಸೂಲು ಮಾಡುವ ಕಸ್ಟಮ್ಸ್ ಅಧಿಕಾರಿಗಳು ಎಲ್ಲ ಬಂದರುಗಳಲ್ಲೂ ಮೊದಲೇ ಇದ್ದರಲ್ಲ, ಮನುಷ್ಯರನ್ನು ನೋಡಿಕೊಳ್ಳುವ ಕೆಲಸವೂ ಅದೇ ಇಲಾಖೆಗೆ ಹೋಯಿತು.

● ಮರುವರ್ಷ, 1892ರ ಜನವರಿ 1ರಂದು, ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ತಪಾಸಣಾ ಕೇಂದ್ರ ತೆರೆಯಿತು. ಅಲ್ಲಿ ಮೊದಲು ಹೆಸರು ಬರೆಸಿದವಳು ಐರ್ಲೆಂಡಿನ ಹುಡುಗಿ ಆ್ಯನಿ ಮೂರ್. ಆ ಕೇಂದ್ರ 1954ರಲ್ಲಿ ಮುಚ್ಚುವ ಹೊತ್ತಿಗೆ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಜನ ಅದರ ಮೂಲಕ ದೇಶದೊಳಕ್ಕೆ ಹೋಗಿದ್ದರು.

● 1903ರಲ್ಲಿ ಕಚೇರಿ ಹೊಸದಾಗಿ ಹುಟ್ಟಿದ ವಾಣಿಜ್ಯ ಮತ್ತು ಕಾರ್ಮಿಕ ಇಲಾಖೆಗೆ ಹೋಯಿತು. 1913ರಲ್ಲಿ ಆ ಇಲಾಖೆಯೇ ಎರಡಾದಾಗ ವಲಸೆ ಕಾರ್ಮಿಕ ಇಲಾಖೆಯ ಪಾಲಿಗೆ ಬಂತು. ಬರುವವನು ಸ್ಥಳೀಯರ ಕೂಲಿಗೆ ಕುತ್ತು ತರುತ್ತಾನೆಯೇ ಎಂಬುದು ಆಗಿನ ಚಿಂತೆ. ಅದೇ 1913ರಲ್ಲಿ ವಲಸೆಗೆ ಒಂದು ಬ್ಯೂರೋ, ಪೌರತ್ವಕ್ಕೆ ಇನ್ನೊಂದು ಬ್ಯೂರೋ ಎಂದು ಕಚೇರಿ ಇಬ್ಭಾಗವಾಯಿತು. 1933ರಲ್ಲಿ ಎರಡನ್ನೂ ಕೂಡಿಸಿ ‘ವಲಸೆ ಮತ್ತು ಪೌರತ್ವ ಸೇವೆ’ ಎಂದು ಕರೆದರು. ನಮ್ಮ ಹಿರಿಯರು ಐಎನ್‌ಎಸ್ ಎನ್ನುತ್ತಿದ್ದದ್ದು ಇದನ್ನೇ.

● ಆ ಪೌರತ್ವ ಬ್ಯೂರೋದ ಜತೆ ನೇರವಾಗಿ ಸೆಣಸಿದ ಭಾರತೀಯನೊಬ್ಬನಿದ್ದ, ಭಗತ್ ಸಿಂಗ್ ಥಿಂಡ್. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದ ಸಮವಸ್ತ್ರ ತೊಟ್ಟವನು. ಒರೆಗಾನ್‌ನ ನ್ಯಾಯಾಲಯ ಅವನಿಗೆ ಪೌರತ್ವ ಕೊಟ್ಟಿತು. ಕೇಂದ್ರದ ಅಧಿಕಾರಿಗಳು ಅದನ್ನು ಪ್ರಶ್ನಿಸಿದರು. 1923ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಭಾರತೀಯರು ಕಾನೂನಿನ ಅರ್ಥದಲ್ಲಿ ‘ಬಿಳಿಯರು’ ಅಲ್ಲ, ಆದ್ದರಿಂದ ಪೌರರಾಗುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ಹಿಡಿದು, ಆಗಲೇ ಪೌರತ್ವ ಪಡೆದಿದ್ದ ಬೇರೆ ಭಾರತೀಯರ ಪತ್ರಗಳನ್ನೂ ರದ್ದು ಮಾಡಲು ಹೊರಟರು. ಮಾಜಿ ಸೈನಿಕರಿಗೆಂದು ಬಂದ ಬೇರೊಂದು ಕಾಯ್ದೆಯ ನೆರವಿನಿಂದ ಥಿಂಡ್ ಕಡೆಗೂ 1936ರಲ್ಲಿ ಪೌರನಾದ. ಉಳಿದ ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರ ಲೂಸ್–ಸೆಲ್ಲರ್ ಕಾಯ್ದೆಯಿಂದ. ಅದರ ಪ್ರಕಾರ ಇಡೀ ಭಾರತದಿಂದ ವರ್ಷಕ್ಕೆ ಹೋಗಬಹುದಾಗಿದ್ದದ್ದು 100 ಜನ.

● ಗಡಿ ಕಾವಲು ಪಡೆ ಹುಟ್ಟಿದ್ದು ಯಾವ ಕಾಯ್ದೆಯಿಂದ ಗೊತ್ತೇ? ಕಾರ್ಮಿಕ ಇಲಾಖೆಗೆ ಹಣ ಮಂಜೂರು ಮಾಡಿದ 1924ರ ಮೇ 28ರ ಆಯವ್ಯಯ ಕಾಯ್ದೆಯಿಂದ. ಮೊದಮೊದಲು ಸೇರಿದವರು ಕುದುರೆಯನ್ನೂ ಜೀನನ್ನೂ ತಾವೇ ತರಬೇಕಿತ್ತು. ಸರ್ಕಾರ ಕೊಡುತ್ತಿದ್ದದ್ದು ಬಿಲ್ಲೆ, ರಿವಾಲ್ವರ್, ಕುದುರೆಗೆ ಮೇವು. ಸಂಬಳ ವರ್ಷಕ್ಕೆ 1,680 ಡಾಲರ್.

● ಎಫ್‌ಬಿಐ ಹುಟ್ಟಿಗೂ ಕಾಂಗ್ರೆಸ್ಸಿನ ಒಂದು ಕಟ್ಟಳೆಯೇ ಕಾರಣ. ನ್ಯಾಯ ಇಲಾಖೆಗೆ ಸ್ವಂತ ಪತ್ತೇದಾರರಿರಲಿಲ್ಲ. ಬೇಕಾದಾಗ ಹಣಕಾಸು ಇಲಾಖೆಯ ಸೀಕ್ರೆಟ್ ಸರ್ವಿಸ್‌ನಿಂದ ಎರವಲು ತರುತ್ತಿದ್ದರು. 1908ರಲ್ಲಿ ಕಾಂಗ್ರೆಸ್ ಅದನ್ನು ನಿಷೇಧಿಸಿತು. ಆಗಿನ ಅಟಾರ್ನಿ ಜನರಲ್ ಚಾರ್ಲ್ಸ್ ಬೋನಪಾರ್ಟ್ ಜುಲೈ 26ರಂದು ತಮ್ಮದೇ ಪತ್ತೇದಾರರ ತಂಡ ಕಟ್ಟಿದರು. ಅದಕ್ಕೆ ಎಫ್‌ಬಿಐ ಎಂಬ ಹೆಸರು ಬಂದದ್ದು 1935ರಲ್ಲಿ. ಹೌದು, ಈ ಚಾರ್ಲ್ಸ್ ಆ ನೆಪೋಲಿಯನ್ ಬೋನಪಾರ್ಟನ ತಮ್ಮ ಜೆರೋಮ್‌ನ ಮೊಮ್ಮಗ.

● ವಲಸೆ ಕಚೇರಿಯ ನಾಲ್ಕನೆಯ ವಾಸ ನ್ಯಾಯ ಇಲಾಖೆ. ಇದರ ಹಿಂದೆ ಒಂದು ದೊಡ್ಡ ಜಗಳವಿದೆ. ಫ್ರಾನ್ಸಿಸ್ ಪರ್ಕಿನ್ಸ್ ಅಮೆರಿಕದ ಸಂಪುಟ ಸೇರಿದ ಮೊದಲ ಮಹಿಳೆ. ಕಾರ್ಮಿಕ ಸಚಿವೆಯಾಗಿದ್ದ ಅವರ ಕೈಯಲ್ಲಿಯೇ ಗಡಿಪಾರಿನ ಅಧಿಕಾರವೂ ಇತ್ತು. ಬಂದರು ಕಾರ್ಮಿಕರ ನಾಯಕ, ಆಸ್ಟ್ರೇಲಿಯಾ ಮೂಲದ ಹ್ಯಾರಿ ಬ್ರಿಜಸ್ ಕಮ್ಯುನಿಸ್ಟ್, ಅವನನ್ನು ಹೊರಗಟ್ಟಿ ಎಂದು ಹಲವರು ಬೊಬ್ಬೆ ಹಾಕಿದರು. ಅಂಥದೇ ಇನ್ನೊಂದು ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿದೆ, ಅದರ ತೀರ್ಪು ಬರಲಿ ಎಂದು ಪರ್ಕಿನ್ಸ್ ವಿಚಾರಣೆಯನ್ನು ಮುಂದಕ್ಕೆ ಹಾಕಿದರು. ಅಷ್ಟಕ್ಕೇ 1939ರ ಜನವರಿಯಲ್ಲಿ ಅವರ ಮೇಲೆ ಮಹಾಭಿಯೋಗದ ನಿರ್ಣಯ ಬಂತು. ಕಾಂಗ್ರೆಸ್ಸಿನ ಸಮಿತಿ ಅದರಲ್ಲಿ ಹುರುಳಿಲ್ಲವೆಂದು ಕೈಬಿಟ್ಟಿತು. ಮರುವರ್ಷ ಯುರೋಪಿನಲ್ಲಿ ಯುದ್ಧ ಹಬ್ಬುತ್ತಿರುವಾಗ ಅಧ್ಯಕ್ಷ ರೂಸ್‌ವೆಲ್ಟ್ ಪುನರ್ರಚನಾ ಯೋಜನೆಯ ಮೂಲಕ ಇಡೀ ಐಎನ್‌ಎಸ್ ಅನ್ನು ನ್ಯಾಯ ಇಲಾಖೆಗೆ ವರ್ಗಾಯಿಸಿದರು. ಕೂಲಿಗಾರನಾಗಿ ಕಾಣುತ್ತಿದ್ದ ವಲಸಿಗ ಗೂಢಚಾರನಾಗಿಯೂ ಕಾಣತೊಡಗಿದ್ದ. ಕಾನೂನಿನ ದಾರಿಗೆ ಕಾದು ನಿಂತ ಪರ್ಕಿನ್ಸ್ ಅವರ ಧೈರ್ಯ ನನಗೆ ಇಡೀ ಈ ಚರಿತ್ರೆಯಲ್ಲೇ ದೊಡ್ಡದಾಗಿ ಕಾಣುತ್ತದೆ. ಬ್ರಿಜಸ್? ಅವನು 1945ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದು ಅಮೆರಿಕದ ಪೌರನಾದ.

● ಅದೇ 1940ರ ಕಾಯ್ದೆಯೊಂದರಂತೆ ದೇಶದಲ್ಲಿದ್ದ, 14 ವರ್ಷ ತುಂಬಿದ ಎಲ್ಲ ವಿದೇಶೀಯರೂ ಹೆಸರು ನೋಂದಾಯಿಸಿ ಬೆರಳಚ್ಚು ಕೊಡಬೇಕಾಯಿತು. ಅಷ್ಟು ಕಚೇರಿಗಳು ಐಎನ್‌ಎಸ್ ಬಳಿ ಇರಲಿಲ್ಲ. ಕೆಲಸವನ್ನು ಮುಗಿಸಿಕೊಟ್ಟದ್ದು ಊರೂರಿನ ಅಂಚೆ ಕಚೇರಿಗಳು.

● 1973ರಲ್ಲಿ ಅಧ್ಯಕ್ಷ ನಿಕ್ಸನ್ ಅವರ ಪುನರ್ರಚನಾ ಯೋಜನೆಯಿಂದ ಮಾದಕವಸ್ತು ನಿಗ್ರಹ ಸಂಸ್ಥೆ ಡಿಇಎ ಹುಟ್ಟಿತು. ಬಂದರುಗಳ ವಲಸೆ ತಪಾಸಕರನ್ನು ಕಸ್ಟಮ್ಸ್‌ಗೆ ಸೇರಿಸುವ ಮಾತೂ ಆ ಯೋಜನೆಯಲ್ಲಿತ್ತು. ನೌಕರರ ಸಂಘ ವಿರೋಧಿಸಿತು, ಕಾಂಗ್ರೆಸ್ ಆ ಭಾಗವನ್ನು ರದ್ದು ಮಾಡಿತು. ಅದು ನಡೆಯಲು ಇನ್ನೂ ಮೂವತ್ತು ವರ್ಷ ಬೇಕಾಯಿತು.

● ಈಗ ಹೇಳುವುದು ನಮ್ಮವರೆಲ್ಲರೂ ತಿಳಿದಿರಬೇಕಾದ ಸಂಗತಿ. ಅಮೆರಿಕದ ಅಧ್ಯಕ್ಷರು ತಮ್ಮಷ್ಟಕ್ಕೆ ಇಲಾಖೆಗಳನ್ನು ಒಡೆದು ಕಟ್ಟುವ ಆ ‘ಪುನರ್ರಚನಾ ಯೋಜನೆ’ಯ ಅಧಿಕಾರ ಕಮರಿದ್ದರ ಹಿಂದೆ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿಯ ಗಡಿಪಾರು ಪ್ರಕರಣವಿದೆ.

ಆತನ ಹೆಸರು ಜಗದೀಶ್ ರಾಯ್ ಛಡ್ಡಾ. ಹುಟ್ಟಿದ್ದು ಕೀನ್ಯಾದಲ್ಲಿ, ಕೈಯಲ್ಲಿದ್ದದ್ದು ಬ್ರಿಟಿಷ್ ಪಾಸ್‌ಪೋರ್ಟ್. 1966ರಲ್ಲಿ ಓದಲೆಂದು ಅಮೆರಿಕಕ್ಕೆ ಹೋದ. ವಿದ್ಯಾರ್ಥಿ ವೀಸಾ 1972ರಲ್ಲಿ ಮುಗಿಯಿತು. 1974ರಲ್ಲಿ ವಲಸೆ ನ್ಯಾಯಾಧೀಶರು ಆತನ ಕಷ್ಟ ಕಂಡು ಗಡಿಪಾರನ್ನು ತಡೆಹಿಡಿದರು. ಆದರೆ ಆಗಿನ ಕಾಯ್ದೆಯಲ್ಲಿ, ಅಂಥ ಆದೇಶವನ್ನು ಕಾಂಗ್ರೆಸ್ಸಿನ ಒಂದೇ ಸದನ ತಳ್ಳಿಹಾಕಬಹುದಿತ್ತು. 1975ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆ 340 ಹೆಸರುಗಳ ಪಟ್ಟಿಯಿಂದ 6 ಹೆಸರುಗಳನ್ನು ಹೆಕ್ಕಿ ತೆಗೆಯಿತು. ಅದರಲ್ಲಿ ಛಡ್ಡಾ ಒಬ್ಬ.

ಆತ ಸುಮ್ಮನಾಗಲಿಲ್ಲ. ‘ಐಎನ್‌ಎಸ್ ವಿರುದ್ಧ ಛಡ್ಡಾ’ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1983ರ ಜೂನ್ 23ರಂದು 7–2ರ ಬಹುಮತದಲ್ಲಿ ತೀರ್ಪು ಬಂತು: ಎರಡೂ ಸದನ ಒಪ್ಪಿ, ಅಧ್ಯಕ್ಷರ ಮುಂದೆ ಹೋಗದ ಯಾವ ತೀರ್ಮಾನಕ್ಕೂ ಕಾನೂನಿನ ಬಲವಿಲ್ಲ, ಒಂದೇ ಸದನದ ವಿಟೊ ಸಂವಿಧಾನಬಾಹಿರ. ಅಂಥ ವಿಟೊ ಸುಮಾರು 200 ಕಾಯ್ದೆಗಳಲ್ಲಿ ಅಡಗಿತ್ತು. ಅಧ್ಯಕ್ಷರಿಗೆ ಇಲಾಖೆ ಪುನರ್ರಚಿಸುವ ಅಧಿಕಾರ ಕೊಟ್ಟಿದ್ದ ಕಾಯ್ದೆಯೂ ಅದರಲ್ಲೊಂದು. ಬೇಡವೆನಿಸಿದರೆ ಒಂದು ಸದನದಲ್ಲಿ ತಡೆಯಬಹುದು ಎಂಬ ಭರವಸೆಯ ಮೇಲೆ ಕಾಂಗ್ರೆಸ್ ಆ ಅಧಿಕಾರ ಕೊಟ್ಟಿತ್ತು. ಭರವಸೆ ಹೋಯಿತು. 1984ರಲ್ಲಿ ಕಾಯ್ದೆ ತಿದ್ದಿದರು, ಆ ವರ್ಷದ ಕೊನೆಗೆ ಅದರ ಅವಧಿಯೂ ಮುಗಿಯಿತು. ಮತ್ತೆ ಅದನ್ನು ನವೀಕರಿಸಲಿಲ್ಲ. ಆದ್ದರಿಂದಲೇ 2002ರಲ್ಲಿ ಐಎನ್‌ಎಸ್ ಅನ್ನು ಮುಚ್ಚಲು ಪೂರ್ಣಪ್ರಮಾಣದ ಕಾಯ್ದೆಯೇ ಬೇಕಾಯಿತು.

● ಐಎನ್‌ಎಸ್ ಒಡೆಯಬೇಕೆಂಬ ಮಾತು 2001ರ ಸೆಪ್ಟೆಂಬರ್ 11ರ ದಾಳಿಗಿಂತ ಹಳೆಯದು. ಕಪ್ಪು ಜನಾಂಗದ ಹೆಸರಾಂತ ಸಂಸದೆ ಬಾರ್ಬರಾ ಜೋರ್ಡನ್ ಮುನ್ನಡೆಸಿದ್ದ ವಲಸೆ ಸುಧಾರಣಾ ಆಯೋಗ 1997ರಲ್ಲೇ ಇದನ್ನು ಹೇಳಿತ್ತು. ಅರ್ಜಿದಾರನಿಗೆ ಸೇವೆ ಕೊಡುವವನೂ ಅವನನ್ನು ಹಿಡಿದು ಹೊರಗಟ್ಟುವವನೂ ಒಂದೇ ಕಚೇರಿಯಲ್ಲಿದ್ದರೆ ಎರಡು ಕೆಲಸವೂ ಕೆಡುತ್ತದೆ ಎಂಬುದು ಅದರ ವಾದ. ವರದಿ ಹೊರಬರುವ ಮೊದಲೇ, 1996ರಲ್ಲಿ, ಜೋರ್ಡನ್ ತೀರಿಕೊಂಡಿದ್ದರು.

● ಐಎನ್‌ಎಸ್ ಕೊನೆಗೆ ಉಳಿಯದಂತೆ ಮಾಡಿದ್ದು ಒಂದು ಟಪಾಲು. 2002ರ ಮಾರ್ಚ್ 11ರಂದು, ದಾಳಿಯಾಗಿ ಸರಿಯಾಗಿ ಆರು ತಿಂಗಳಿಗೆ, ಫ್ಲಾರಿಡಾದ ವಿಮಾನ ತರಬೇತಿ ಶಾಲೆಗೆ ಐಎನ್‌ಎಸ್ ಪತ್ರಗಳು ಬಂದವು. ಮೊಹಮದ್ ಅಟ್ಟಾ ಮತ್ತು ಮರ್ವಾನ್ ಅಲ್ ಶೆಹಿಗೆ ವಿದ್ಯಾರ್ಥಿ ವೀಸಾ ಮಂಜೂರಾಗಿದೆ ಎಂಬ ಪತ್ರಗಳು ಅವು. ವಿಮಾನಗಳನ್ನು ನ್ಯೂಯಾರ್ಕಿನ ಅವಳಿ ಗೋಪುರಗಳಿಗೆ ನುಗ್ಗಿಸಿದ್ದವರು ಇವರೇ. ಮಂಜೂರಾತಿ ದಾಳಿಗೆ ಮುಂಚಿನದು, ತಿಳಿವಳಿಕೆ ಪತ್ರ ಮಾತ್ರ ಕಚೇರಿಯ ಕಡತಗಳ ನಡುವೆ ತೆವಳುತ್ತಾ ಆಗ ಬಂತು. ದೇಶ ಕೆರಳಿತು. ಏಪ್ರಿಲ್ 25ರಂದು ಪ್ರತಿನಿಧಿ ಸಭೆ 405–9ರಲ್ಲಿ ಐಎನ್‌ಎಸ್ ರದ್ದತಿಗೆ ಮತ ಹಾಕಿತು.

● ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ಆಂತರಿಕ ಭದ್ರತೆಗೆ ಪ್ರತ್ಯೇಕ ಇಲಾಖೆ ಬೇಕೆಂದು ಮೊದಲು ಪಟ್ಟು ಹಿಡಿದವರು ಸೆನೆಟರ್ ಜೋ ಲೀಬರ್‌ಮನ್. ಅಧ್ಯಕ್ಷ ಬುಷ್ ಮೊದಲು ಒಪ್ಪಲಿಲ್ಲ, 2002ರ ಜೂನ್‌ನಲ್ಲಿ ತಾವೇ ಆ ಯೋಜನೆ ಘೋಷಿಸಿದರು. ಹೊಸ ಇಲಾಖೆಯ ನೌಕರರಿಗೆ ಸಂಘದ ಹಕ್ಕುಗಳಿರಬೇಕೇ ಬೇಡವೇ ಎಂಬ ವಿಷಯಕ್ಕೆ ಸೆನೆಟ್‌ನಲ್ಲಿ ತಿಂಗಳುಗಟ್ಟಲೆ ಎಳೆದಾಟ ನಡೆಯಿತು. ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೀಲೆಂಡ್ ನೌಕರರ ಹಕ್ಕಿನ ಪರ ನಿಂತರು. ವಿಯೆಟ್ನಾಂ ಯುದ್ಧದಲ್ಲಿ ಎರಡು ಕಾಲು, ಒಂದು ಕೈ ಕಳೆದುಕೊಂಡ ಯೋಧ ಅವರು. ಅಂಥವರನ್ನೇ ದೇಶದ ಭದ್ರತೆಗೆ ಅಡ್ಡ ಬಂದವರೆಂದು ಚುನಾವಣಾ ಜಾಹೀರಾತಿನಲ್ಲಿ ತೋರಿಸಿದರು. ಆ ನವೆಂಬರಿನಲ್ಲಿ ಅವರು ಸೋತರು. ಒಂದು ಕಾಯ್ದೆಯ ವಿವರದಲ್ಲಿ ಭಿನ್ನಾಭಿಪ್ರಾಯ ಇಟ್ಟುಕೊಂಡದ್ದಕ್ಕೆ ಒಬ್ಬ ಯೋಧನ ದೇಶಭಕ್ತಿಯನ್ನೇ ಶಂಕಿಸಿದ್ದು ಅನ್ಯಾಯ.

● ಸೆನೆಟ್ 90–9ರಲ್ಲಿ ಮಸೂದೆಯನ್ನು ಒಪ್ಪಿತು. 2002ರ ನವೆಂಬರ್ 25ರಂದು ಬುಷ್ ಸಹಿ ಮಾಡಿದರು. 22 ಸಂಸ್ಥೆಗಳು ಒಂದೇ ಇಲಾಖೆಯಡಿ ಬಂದವು. 1947ರ ರಾಷ್ಟ್ರೀಯ ಭದ್ರತಾ ಕಾಯ್ದೆಯ ನಂತರ ಇಷ್ಟು ದೊಡ್ಡ ಪುನರ್ರಚನೆ ನಡೆದಿರಲಿಲ್ಲ. ಈಗ ಅಲ್ಲಿನ ನೌಕರರ ಸಂಖ್ಯೆ 2 ಲಕ್ಷ 60 ಸಾವಿರದ ಆಚೀಚೆ.

● 2003ರ ಮಾರ್ಚ್ 1ರಂದು ಐಎನ್‌ಎಸ್ ಇಲ್ಲವಾಯಿತು. ಅದರ ಕೆಲಸ ಈ ಹೊಸ, ಐದನೆಯ ಇಲಾಖೆಯಲ್ಲಿ ಮೂರು ಪಾಲಾಯಿತು. ಅರ್ಜಿ, ಗ್ರೀನ್ ಕಾರ್ಡ್, ಪೌರತ್ವ ಯುಎಸ್‌ಸಿಐಎಸ್‌ಗೆ. ಗಡಿ ಮತ್ತು ವಿಮಾನ ನಿಲ್ದಾಣ ಸಿಬಿಪಿಗೆ. ದೇಶದೊಳಗಿನ ತನಿಖೆ, ಬಂಧನ, ಗಡಿಪಾರು ಐಸ್‌ಗೆ.

● ದಿನವೂ ಸುದ್ದಿಯಲ್ಲಿರುವ ‘ಐಸ್’ ಎಂಬ ಹೆಸರು 2002ರ ಆ ಕಾಯ್ದೆಯಲ್ಲಿ ಇರಲೇ ಇಲ್ಲ! ಕಾಯ್ದೆ ಹುಟ್ಟಿಸಿದ್ದು ‘ಗಡಿ ಭದ್ರತಾ ಬ್ಯೂರೋ’ವನ್ನು. ಕಾಯ್ದೆ ಕೊಟ್ಟಿದ್ದ ಸೀಮಿತ ಅಧಿಕಾರ ಬಳಸಿ 2003ರ ಜನವರಿಯಲ್ಲಿ ಅಧ್ಯಕ್ಷರು ಮರುವಿಂಗಡಣೆ ಮಾಡಿದರು, ಆಗ ಐಸ್ ಮತ್ತು ಸಿಬಿಪಿ ಬೇರೆ ಬೇರೆಯಾದವು.

● ಅದೇ ಕಾಯ್ದೆಯ 471ನೇ ಕಲಮು ಐಎನ್‌ಎಸ್ ಅನ್ನು ರದ್ದು ಮಾಡುವುದರ ಜತೆಗೆ ಒಂದು ಬೀಗವನ್ನೂ ಹಾಕಿದೆ. ಸೇವೆಯ ಬ್ಯೂರೋವನ್ನೂ ಬಂಧನದ ಬ್ಯೂರೋವನ್ನೂ ಪುನರ್ರಚನೆಯ ಅಧಿಕಾರ ಬಳಸಿ ಮತ್ತೆ ಒಂದು ಮಾಡುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿದೆ. ಇಡೀ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಕಲಮು ಇದು.

● ಮೊದಲು ವಿಮಾನ ನಿಲ್ದಾಣದಲ್ಲಿ ವಲಸೆ, ಕಸ್ಟಮ್ಸ್, ಕೃಷಿ ಮೂರು ಇಲಾಖೆಯವರು ಬೇರೆ ಬೇರೆಯಾಗಿ ತಪಾಸಣೆ ಮಾಡುತ್ತಿದ್ದರು. 2003ರ ನಂತರ ಮೂವರೂ ಸಿಬಿಪಿ. ಬೀಗಲ್ ನಾಯಿಗಳ ದಳವೂ ಕೃಷಿ ಇಲಾಖೆಯಿಂದ ಸಿಬಿಪಿಗೆ ಬಂತು. ಅಮ್ಮ ಕಟ್ಟಿಕೊಟ್ಟ ಕರಿಬೇವಿನ ಸೊಪ್ಪನ್ನು ಸೂಟ್‌ಕೇಸಿನಲ್ಲಿ ಮೂಸಿ ಹಿಡಿಯುವುದು ಈ ನಾಯಿಗಳೇ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಗೆಡವುವ ರೋಗ ಹರಡುವ ಒಂದು ಪುಟ್ಟ ಕೀಟ ಕರಿಬೇವಿನ ಎಲೆಯಲ್ಲೂ ಬದುಕುತ್ತದೆ. ನಿಷೇಧ ಅದಕ್ಕಾಗಿ.

● ವಿಮಾನದೊಳಗೆ ಮಫ್ತಿಯಲ್ಲಿ ಕೂರುವ ಏರ್ ಮಾರ್ಷಲ್‌ಗಳನ್ನು 2003ರಲ್ಲಿ ಐಸ್‌ಗೆ ಕೊಟ್ಟರು, 2005ರಲ್ಲಿ ಮರಳಿ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎಗೆ ಕಳಿಸಿದರು. 1865ರಿಂದ ಹಣಕಾಸು ಇಲಾಖೆಯಲ್ಲಿದ್ದ ಸೀಕ್ರೆಟ್ ಸರ್ವಿಸ್ ಹೊಸ ಇಲಾಖೆ ಸೇರಿತು. ಮದ್ಯ, ತಂಬಾಕು, ಬಂದೂಕು ನೋಡಿಕೊಳ್ಳುವ ಎಟಿಎಫ್ ನ್ಯಾಯ ಇಲಾಖೆಗೆ ಹೋಯಿತು, ಅದರ ತೆರಿಗೆ ವಿಭಾಗ ಮಾತ್ರ ಹಣಕಾಸಿನಲ್ಲೇ ಉಳಿಯಿತು. ಎಫ್‌ಬಿಐ ಕದಲಲಿಲ್ಲ.

● ವಲಸೆ ನ್ಯಾಯಾಲಯಗಳೂ ಕದಲಲಿಲ್ಲ. ಅವು ಇಂದಿಗೂ ನ್ಯಾಯ ಇಲಾಖೆಯ ಒಂದು ಕಚೇರಿ. ಅಲ್ಲಿನ ನ್ಯಾಯಾಧೀಶರು ಅಟಾರ್ನಿ ಜನರಲ್ ನೇಮಿಸಿದ ನೌಕರರು, ಸ್ವತಂತ್ರ ನ್ಯಾಯಾಂಗದವರಲ್ಲ. ಒಬ್ಬನ ಬದುಕನ್ನೇ ಬೇರು ಕೀಳಬಲ್ಲ ತೀರ್ಪು ಸರ್ಕಾರದ ನೌಕರನ ಕೈಯಲ್ಲಿರುವುದು ಈ ಪುನರ್ರಚನೆಯಲ್ಲಿ ಉಳಿದುಹೋದ ದೊಡ್ಡ ಕೊರತೆ. ಇನ್ನು ಹೆತ್ತವರಿಲ್ಲದೆ ಗಡಿಗೆ ಬಂದ ಮಕ್ಕಳ ಹೊಣೆಯನ್ನು ಅದೇ 2002ರ ಕಾಯ್ದೆ ಆರೋಗ್ಯ ಇಲಾಖೆಗೆ ಒಪ್ಪಿಸಿತು. ಇದು ಒಳ್ಳೆಯ ಕೆಲಸ.

● ಹೊಸ ಇಲಾಖೆಯ ಲೆಕ್ಕ ಕೇಳುವವರು ಎಷ್ಟು ಮಂದಿ? ಕಾಂಗ್ರೆಸ್ಸಿನ ಕನಿಷ್ಠ 88 ಸಮಿತಿ, ಉಪಸಮಿತಿಗಳು ಎಂದು ಸೆಪ್ಟೆಂಬರ್ 11ರ ತನಿಖಾ ಆಯೋಗ ದಾಖಲಿಸಿತು. ಅಷ್ಟು ಜನ ಕೇಳಿದರೆ ಯಾರಿಗೂ ಸರಿಯಾಗಿ ಉತ್ತರ ಹೇಳಬೇಕಾಗುವುದಿಲ್ಲ. ಕಾಂಗ್ರೆಸ್ ಬೇರೆಯವರ ಕಚೇರಿಗಳನ್ನು ಕೂಡಿಸಿತು, ತನ್ನ ಸಮಿತಿಗಳನ್ನು ಕೂಡಿಸಿಕೊಳ್ಳಲಿಲ್ಲ.

● ಯುಎಸ್‌ಸಿಐಎಸ್ ನಡೆಯುವುದು ತೆರಿಗೆ ಹಣದಲ್ಲಲ್ಲ. ಅದರ ಖರ್ಚಿನಲ್ಲಿ ನೂರಕ್ಕೆ ಸುಮಾರು 96 ಪಾಲು ಅರ್ಜಿದಾರರು ಕಟ್ಟುವ ಶುಲ್ಕದಿಂದ ಬರುತ್ತದೆ. ಹಿಡಿಯುವವರ ಕಥೆ ಬೇರೆ. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಐಸ್ ಒಂದಕ್ಕೇ ಸುಮಾರು 7,500 ಕೋಟಿ ಡಾಲರ್ ಕೊಟ್ಟಿತು. ಅದರಲ್ಲಿ 4,500 ಕೋಟಿ ಬಂಧನ ಕೇಂದ್ರಗಳಿಗೆ. ಅದಕ್ಕೆ ಮುಂಚೆ ಐಸ್‌ನ ವಾರ್ಷಿಕ ವೆಚ್ಚ ಸುಮಾರು 1,000 ಕೋಟಿ ಡಾಲರ್ ಇತ್ತು. ಕಚೇರಿಯ ಹೆಸರು, ವಿಳಾಸ ಬದಲಿಸದೆಯೇ ಅದರ ಸ್ವರೂಪ ಬದಲಿಸುವ ದಾರಿ ಇದು. ಹಣದ ಕಾಯ್ದೆಯೂ ಪುನರ್ರಚನೆಯ ಕಾಯ್ದೆಯೇ.

● ಐಸ್ ಅನ್ನು ಒಡೆಯಿರಿ ಎಂದು ಐಸ್‌ನ ಒಳಗಿನವರೇ ಕೇಳಿದ್ದುಂಟು. 2018ರಲ್ಲಿ ಅದರ ತನಿಖಾ ವಿಭಾಗದ 19 ಹಿರಿಯ ಅಧಿಕಾರಿಗಳು, ಗಡಿಪಾರಿನ ಕೆಲಸದಿಂದ ನಮ್ಮನ್ನು ಬೇರ್ಪಡಿಸಿ ಎಂದು ಸಚಿವರಿಗೆ ಬರೆದರು. ಮರುತಿಂಗಳೇ ಐಸ್ ಮುಚ್ಚುವ ಮಸೂದೆ ಮಂಡಿಸಿದ ಸಂಸದರಲ್ಲಿ ಚೆನ್ನೈನಲ್ಲಿ ಹುಟ್ಟಿದ ಪ್ರಮೀಳಾ ಜಯಪಾಲ್ ಒಬ್ಬರು. ಮಸೂದೆ ಮುಂದೆ ಸಾಗಲಿಲ್ಲ. ಹೋಮ್‌ಲ್ಯಾಂಡ್ ಸೆಕ್ಯುರಿಟಿಯನ್ನು ಪ್ರಶ್ನಿಸುವ ಪ್ರತಿನಿಧಿ ಸಭೆಯ ಸಮಿತಿಯಲ್ಲಿ ನಮ್ಮ ಬೆಳಗಾವಿಯಲ್ಲಿ ಬೆಳೆದವರೂ ಕೂತಿದ್ದಾರೆ: ಮಿಷಿಗನ್‌ನಿಂದ ಗೆದ್ದ ಶ್ರೀ ಠಾಣೇದಾರ್.

● ಬೆಂಗಳೂರಿನ ಒಬ್ಬ ಇಂಜಿನಿಯರ್ ಎಚ್-1ಬಿ ಉದ್ಯೋಗ ವೀಸಾ ಮೇಲೆ ಹೋಗಬೇಕೆಂದರೆ ನಾಲ್ಕು ಹೊಸ್ತಿಲು ದಾಟಬೇಕು. ಸಂಬಳದ ಬಗ್ಗೆ ಕಂಪನಿ ಕೊಡುವ ಅರ್ಜಿ ಕಾರ್ಮಿಕ ಇಲಾಖೆಗೆ, ಮನವಿ ಯುಎಸ್‌ಸಿಐಎಸ್‌ಗೆ, ವೀಸಾ ಮುದ್ರೆ ವಿದೇಶಾಂಗ ಇಲಾಖೆಯ ಕಾನ್ಸುಲೇಟ್‌ನಲ್ಲಿ, ಒಳಗೆ ಬಿಡುವುದು ಸಿಬಿಪಿ. ಆಯವ್ಯಯ ಸಿಗದೆ ಅಲ್ಲಿನ ಸರ್ಕಾರ ಬಾಗಿಲು ಹಾಕಿದಾಗ ಶುಲ್ಕದಿಂದ ನಡೆಯುವ ಯುಎಸ್‌ಸಿಐಎಸ್ ತೆರೆದೇ ಇರುತ್ತದೆ, ತೆರಿಗೆ ಹಣದ ಕಾರ್ಮಿಕ ಇಲಾಖೆಯ ಮೇಜು ನಿಲ್ಲುತ್ತದೆ. 2013ರಲ್ಲೂ 2025ರಲ್ಲೂ ಹೀಗಾಯಿತು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದದ್ದು 2025ರ ಜನವರಿ 17ರಂದು, ಆದರೆ ವೀಸಾ ಸೇವೆ ಅಂದೇ ಶುರುವಾಗಲಿಲ್ಲ. ಆಮೇಲೂ ನಮ್ಮವರು ಚೆನ್ನೈ, ಹೈದರಾಬಾದ್ ರೈಲು ಹತ್ತುತ್ತಲೇ ಇದ್ದರು.

● ಇಷ್ಟೆಲ್ಲ ಒಡೆದು ಕಟ್ಟಿದರೂ ಗ್ರೀನ್ ಕಾರ್ಡಿನ ಸಾಲು ಏಕೆ ಕರಗಲಿಲ್ಲ? ಅದು ಕಚೇರಿಯ ತಪ್ಪಲ್ಲ. 1990ರ ಕಾಯ್ದೆ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್‌ಗಳನ್ನು ವರ್ಷಕ್ಕೆ ಸುಮಾರು 1 ಲಕ್ಷ 40 ಸಾವಿರಕ್ಕೆ ಕಟ್ಟಿಹಾಕಿತು, ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚು ಪಾಲಿಲ್ಲ ಎಂದಿತು. ಕೋಟ್ಯಂತರ ಜನರ ಭಾರತಕ್ಕೂ ಪುಟ್ಟ ಐಸ್‌ಲ್ಯಾಂಡಿಗೂ ಒಂದೇ ಮಿತಿ. ಹೆಂಡತಿ, ಮಕ್ಕಳೂ ಆ ಎಣಿಕೆಯಲ್ಲೇ ಬರುತ್ತಾರೆ. ಅಪ್ಪನ ಸರದಿ ಬರುವಷ್ಟರಲ್ಲಿ ಮಗಳಿಗೆ 21 ತುಂಬಿದರೆ ಅವಳು ಅವನ ಅರ್ಜಿಯಿಂದ ಹೊರಗೆ. ಅಲ್ಲೇ ಬೆಳೆದು, ಅಲ್ಲೇ ಓದಿದ ಮಗು ಬೇರೆ ವೀಸಾ ಹುಡುಕಬೇಕು. 2002ರ ಆಗಸ್ಟಿನ ಒಂದು ಕಾಯ್ದೆ ವಯಸ್ಸಿನ ಲೆಕ್ಕದಲ್ಲಿ ಕೊಂಚ ರಿಯಾಯಿತಿ ಕೊಟ್ಟಿತು, ಅಷ್ಟೆ. 2003ರಲ್ಲಿ ಕಿಟಕಿಗಳು ಬದಲಾದವು, ಸಾಲು ಹಾಗೆಯೇ ನಿಂತಿತು. ಅದನ್ನು ಕರಗಿಸಲು ಕಾಂಗ್ರೆಸ್ ಈ ಮಿತಿಯನ್ನು ತಿದ್ದಬೇಕು.

● ಕೊನೆಯದಾಗಿ, ಹೊರಡುವವರಿಗೊಂದು ಮಾತು. ಪಾಸ್‌ಪೋರ್ಟಿನಲ್ಲಿ ಅಂಟಿಸಿದ ವೀಸಾದ ತಾರೀಖು ಒಳಗೆ ಹೋಗಲು ಯತ್ನಿಸಬಹುದಾದ ಕೊನೆಯ ದಿನ ಮಾತ್ರ. ಎಷ್ಟು ದಿನ ಇರಬಹುದು ಎಂಬುದನ್ನು ಹೇಳುವುದು ಸಿಬಿಪಿ ಬರೆಯುವ ಐ-94 ದಾಖಲೆ. ಅದು ಈಗ ಕಾಗದದಲ್ಲಿ ಬರುವುದಿಲ್ಲ, ಇಂಟರ್ನೆಟ್‌ನಲ್ಲಿ ನೋಡಿಕೊಳ್ಳಬೇಕು. ವಿಮಾನ ಇಳಿದ ವಾರದೊಳಗೆ ಅದನ್ನು ತೆಗೆದು ಹೆಸರು, ವೀಸಾ ವರ್ಗ, ತಾರೀಖು ಮೂರನ್ನೂ ತಾಳೆ ನೋಡಿ. ತಪ್ಪಿದ್ದರೆ ತಿದ್ದಿಸಲು ಹೋಗಬೇಕಾದದ್ದು ಸಿಬಿಪಿ ಕಚೇರಿಗೆ.